ನಿಮ್ಮ ಮಾರ್ಕಾ ಕಾಯಲು ವಕೀಲರನ್ನು ಹಿಡಿಯುವ ಮುಂಚೆ: ಕಲಬುರಗಿ ಕಡೆಯ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಹೊತ್ತಿಗೆ ದಾಲ್ ಮಿಲ್‌ಗಳಲ್ಲಿ ಹೊಸ ಚೀಲಗಳೂ ಪ್ರಿಂಟ್ ಆಗಿ ಬಂದಿರುತ್ತವೆ. ಚೀಲದ ಮೇಲಿನ ಮಾರ್ಕಾ, ಅಂದರೆ ಬ್ರ್ಯಾಂಡಿನ ಹೆಸರು, ಚಿತ್ರ ನೋಡಿಯೇ ಸೋಲಾಪುರದ, ಹೈದರಾಬಾದಿನ ಕಿರಾಣಿ ವ್ಯಾಪಾರಿಗಳು ಮಾಲು ಎತ್ತುತ್ತಾರೆ. ಮಾರ್ಕಾಗೆ ಒಳ್ಳೆ ಹೆಸರು ಬಂತೋ, ಅದೇ ಬಣ್ಣದ ಚೀಲ, ಅದೇ ಥರದ ಚಿತ್ರ, ಒಂದಕ್ಷರ ಆಚೀಚೆ ಮಾಡಿದ ಹೆಸರು ಮಾರುಕಟ್ಟೆಗೆ ಬರಲು ತಡವಾಗುವುದಿಲ್ಲ. ಬೇಳೆಗಷ್ಟೇ ಈ ಕಾಟ ಅಂದುಕೊಳ್ಳಬೇಡಿ. ರೊಟ್ಟಿ, ಶೇಂಗಾ ಚಟ್ನಿ, ಮಸಾಲೆ ಖಾರ ಮಾಡುವವರು, ಬೀದರಿನ ಬಿದ್ರಿ ಅಂಗಡಿಯವರು, ಯಾದಗಿರಿಯ ಖಾನಾವಳಿಯವರು, ಎಲ್ಲರಿಗೂ ಇದೆ.

ಟ್ರೇಡ್‌ಮಾರ್ಕ್ ಮಾಡಿಸಿಬಿಡಿ ಅಂತ ಆಡಿಟರ್ ಹೇಳುತ್ತಾರೆ. ಆನ್‌ಲೈನ್ ಸೆಂಟರ್‌ನವರು "ನಾವೇ ಹಾಕಿಕೊಡ್ತೀವಿ ಅಣ್ಣಾ" ಅನ್ನುತ್ತಾರೆ. ಅರ್ಜಿ ಹಾಕುವುದು ನಿಜಕ್ಕೂ ದೊಡ್ಡ ಕೆಲಸವಲ್ಲ. ಕೆಲಸ ಇರುವುದು ಆಮೇಲೆ. ಮಾರ್ಕಾ ನೋಂದಾಯಿಸುವ ಸರ್ಕಾರಿ ಕಚೇರಿಯಿಂದ, ಅಂದರೆ ರಿಜಿಸ್ಟ್ರಿಯಿಂದ, ಆಕ್ಷೇಪ ಬರುತ್ತದೆ, ಬೇರೆ ವ್ಯಾಪಾರಿ ವಿರೋಧ ಸಲ್ಲಿಸುತ್ತಾನೆ, ಪ್ರತಿಯೊಂದಕ್ಕೂ ಗಡುವು ಇರುತ್ತದೆ. ಹಾಗಾಗಿ ವಕೀಲರ ಮುಂದೆ ಕೂತಾಗ "ಅರ್ಜಿಗೆ ಎಷ್ಟು ತಗೋತೀರಿ" ಅನ್ನುವುದು ಎರಡನೇ ಪ್ರಶ್ನೆ. "ನೋಟಿಸ್ ಬಂದರೆ ಯಾರ ಕೈಗೆ ಬರುತ್ತದೆ, ಉತ್ತರ ಯಾರು ಬರೆಯುತ್ತಾರೆ" ಅನ್ನುವುದು ಮೊದಲನೆಯದು.

ವಕೀಲರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಮಾಡುವ ಕೆಲಸ

ಜಿಎಸ್‌ಟಿ ನಂಬರ್, ಉದ್ಯಮ್ ಪ್ರಮಾಣಪತ್ರ, ಆಹಾರ ಲೈಸೆನ್ಸ್, ಪಾಲಿಕೆಯ ಟ್ರೇಡ್ ಲೈಸೆನ್ಸ್ ಎಲ್ಲದರಲ್ಲೂ ನಿಮ್ಮ ಅಂಗಡಿಯ ಹೆಸರು ಇರಬಹುದು. ಇವು ಯಾವುವೂ ಆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. ಹಾಗಂತ ನೋಂದಣಿ ಇಲ್ಲದವರು ಪೂರ್ತಿ ಬರಿಗೈ ಅಂತಲೂ ಅಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮೊದಲಿಂದ ಬಳಸಿಕೊಂಡು ಬಂದವನನ್ನು ಕಾಪಾಡುತ್ತದೆ. ನೀವು ವರ್ಷಗಟ್ಟಲೆ ಬಳಸಿದ ಹೆಸರನ್ನು ನಿನ್ನೆ ಮೊನ್ನೆ ಬಂದವನು ನೋಂದಣಿ ಮಾಡಿಸಿಕೊಂಡರೂ ನಿಮ್ಮನ್ನು ಸುಮ್ನೆ ಎಬ್ಬಿಸಲು ಆಗುವುದಿಲ್ಲ. ಆದರೆ ಮೊದಲಿಂದ ಬಳಸಿದ್ದನ್ನು ನೀವೇ ಸಾಬೀತು ಮಾಡಬೇಕು.

ಅದಕ್ಕೇ ಮೊದಲು ಹಳೆಯ ಕಾಗದ ಹುಡುಕಿ. ಚೀಲ ಪ್ರಿಂಟ್ ಮಾಡಿಕೊಟ್ಟ ಪ್ರೆಸ್‌ನ ಬಿಲ್ಲು ಬಹಳ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಅದರಲ್ಲಿ ಮಾರ್ಕಾದ ಹೆಸರೂ ತಾರೀಕೂ ಎರಡೂ ಇರುತ್ತವೆ. ಮಾರಾಟದ ಬಿಲ್ಲಿನಲ್ಲಿ ಬರೀ "ತೊಗರಿ ಬೇಳೆ 50 ಚೀಲ" ಅಂತಿದ್ದರೆ ಅಷ್ಟು ಉಪಯೋಗವಿಲ್ಲ. ಮಾರ್ಕಾ ಹೆಸರು ಇರುವ ಬಿಲ್ಲು ಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬರುವ ಮುಂಚಿನ ವ್ಯಾಟ್ ಬಿಲ್ಲುಗಳಿದ್ದರೆ ಜೋಪಾನವಾಗಿ ಇಡಿ. ಪೇಪರ್ ಜಾಹೀರಾತು, ಜಾತ್ರೆ ಕರಪತ್ರ, ಬಸ್‌ಸ್ಟ್ಯಾಂಡ್ ಗೋಡೆ ಬರಹದ ಫೋಟೋ, ಹಳೇ ಕ್ಯಾಲೆಂಡರ್, ಎಲ್ಲ ಒಂದು ಫೈಲಿಗೆ ಸೇರಲಿ. ಇವತ್ತಿನಿಂದಲಾದರೂ ಬಿಲ್ಲಿನಲ್ಲಿ ಮಾರ್ಕಾ ಹೆಸರು ಬರೆಯುವ ರೂಢಿ ಮಾಡಿಕೊಳ್ಳಿ.

ಎರಡನೆಯದು, ಮಾರ್ಕಾ ಯಾರ ಹೆಸರಲ್ಲಿ ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನಿಸಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಅಪ್ಪ ಶುರು ಮಾಡಿದ ಅಂಗಡಿ, ಅಣ್ಣನ ಹೆಸರಲ್ಲಿ ಜಿಎಸ್‌ಟಿ, ತಮ್ಮ ನಡೆಸುವ ಮಿಲ್ಲು. ಯಾರೋ ಒಬ್ಬರ ಹೆಸರಲ್ಲಿ ಅರ್ಜಿ ಹೋಗುತ್ತದೆ. ಪಾಲಾಗುವಾಗ ಹೊಲ, ಮನೆ, ಗೋದಾಮು ಎಲ್ಲ ವಾಟ್ನಿ ಪತ್ರದಲ್ಲಿ ಬರುತ್ತವೆ, ಮಾರ್ಕಾದ ಮಾತೇ ಇರುವುದಿಲ್ಲ. ಆಮೇಲೆ ಇಬ್ಬರೂ ಅದೇ ಚೀಲದಲ್ಲಿ ಬೇಳೆ ತುಂಬುತ್ತಾರೆ. ಹೊರಗಿನವರು ನಕಲು ಮಾಡಿದ ಕೇಸಿಗಿಂತ ಈ ಮನೆಯೊಳಗಿನ ಕೇಸು ಬಿಡಿಸುವುದು ಜಾಸ್ತಿ ಕಷ್ಟ. ಪಾಲುದಾರಿಕೆ ಫರ್ಮ್ ಇದ್ದರೆ ಫರ್ಮ್ ಹೆಸರಲ್ಲಿ ಹಾಕಿ, ಪಾಲುದಾರಿಕೆ ಪತ್ರದಲ್ಲಿ ಮಾರ್ಕಾದ ಬಗ್ಗೆ ಒಂದು ಸಾಲು ಸೇರಿಸಿ. ವಕೀಲರು ಈ ಪ್ರಶ್ನೆಯನ್ನೇ ಎತ್ತದೆ ನೇರ ಆಧಾರ್ ಕಾರ್ಡ್ ಕೇಳಿದರೆ ಸ್ವಲ್ಪ ಅನುಮಾನ ಪಡಿ.

ಮೂರನೆಯದು ಹುಡುಕಾಟ. ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಮಾರ್ಕಾ ಹುಡುಕಬಹುದು. ಉದಾಹರಣೆಗೆ "ಕೂರಿಗೆ" ಅನ್ನುವ ಮಾರ್ಕಾ ಇಟ್ಟುಕೊಳ್ಳೋಣ. ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ನಾಲ್ಕಾರು ಥರ ಬರೆಯಬಹುದು. ಎಲ್ಲವನ್ನೂ ಹಾಕಿ ನೋಡಿ. ಉಚ್ಚಾರ ಹೋಲುವ ಹೆಸರು ಹುಡುಕಲು ಬೇರೆ ಆಯ್ಕೆ ಇದೆ, ಅದನ್ನೂ ಒತ್ತಿ. ಕಾನೂನು ಕಾಗುಣಿತ ಮಾತ್ರ ನೋಡುವುದಿಲ್ಲ. ಗಿರಾಕಿಯ ಕಿವಿಗೆ, ಕಣ್ಣಿಗೆ ಗೊಂದಲ ಆಗುತ್ತದೆಯೇ ಅಂತ ನೋಡುತ್ತದೆ.

ಹೆಸರೇ ಬಡಕಲಾಗಿದ್ದರೆ ವಕೀಲರೂ ಏನು ಮಾಡಲಾರರು

ಇದನ್ನು ಫೀಸು ಕೊಡುವ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು. ಮಾಲನ್ನು ಸುಮ್ಮನೆ ವರ್ಣಿಸುವ ಹೆಸರು, ಊರಿನ ಹೆಸರು, ಎಲ್ಲರೂ ಬಳಸುವ ಹೆಸರು ನೋಂದಣಿಯಾಗುವುದು ಕಷ್ಟ. "ಕಲಬುರಗಿ ಶುದ್ಧ ಬೇಳೆ" ಅಂತ ಹಾಕಿದರೆ ಆಕ್ಷೇಪ ಬರುವುದು ಹೆಚ್ಚುಕಡಿಮೆ ಗ್ಯಾರಂಟಿ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಬಿದ್ರಿ ಕಲೆಗೆ 2006ರಲ್ಲೇ ಸಿಕ್ಕಿದೆ. ಜಿಐ ಆದ ಹೆಸರು ಆ ಪ್ರದೇಶದ ಎಲ್ಲ ಉತ್ಪಾದಕರದ್ದು, ಒಬ್ಬರ ಟ್ರೇಡ್‌ಮಾರ್ಕ್ ಆಗುವುದಿಲ್ಲ. ಅದನ್ನು ಬಳಸಲು ಅಧಿಕೃತ ಬಳಕೆದಾರ ಅಂತ ಬೇರೆ ಅರ್ಜಿ ಇದೆ. ನಿಮ್ಮ ಚೀಲದಲ್ಲಿ ಎರಡೂ ಇರಬಹುದು: ಜಿಐ ಎಲ್ಲರದ್ದು, ಮಾರ್ಕಾ ನಿಮ್ಮದು. "ಕಲಬುರಗಿ ರೊಟ್ಟಿ" ಅನ್ನುವ ಬ್ರ್ಯಾಂಡ್ ಕೂಡ ಜಿಲ್ಲಾಡಳಿತ ಸ್ವಸಹಾಯ ಸಂಘಗಳಿಗಾಗಿ ಬೆಳೆಸಿರುವುದು, ಅದರ ನೆರಳಲ್ಲಿ ಹೊಸ ಹೆಸರು ಹುಡುಕಬೇಡಿ.

ಇನ್ನು ದೇವರ ಹೆಸರು. ಶರಣಬಸವೇಶ್ವರ, ವೀರಭದ್ರೇಶ್ವರ, ಖ್ವಾಜಾ ಅಂತ ನಮ್ಮಲ್ಲಿ ಬೀದಿಗೆ ಹತ್ತು ಅಂಗಡಿ. ಭಕ್ತಿಯಿಂದ ಇಟ್ಟ ಹೆಸರು, ತಪ್ಪೇನಿಲ್ಲ. ಆದರೆ ಅದರ ಮೇಲೆ ಒಬ್ಬರೇ ಹಕ್ಕು ಹೇಳುವುದು ಕಷ್ಟ. "ರಾಮಾಯಣ" ಅನ್ನುವ ಹೆಸರನ್ನು ಅಗರಬತ್ತಿಗೆ ಒಬ್ಬರೇ ಮಾರ್ಕ್ ಮಾಡಿಕೊಳ್ಳಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಬೋರ್ಡಿನಲ್ಲಿ ದೇವರ ಹೆಸರು ಹಾಗೇ ಇರಲಿ. ಚೀಲಕ್ಕೆ ಮಾತ್ರ ಬೇರೆಯವರ ಹತ್ತಿರ ಇಲ್ಲದ ಹೆಸರೊಂದು ಇಟ್ಟರೆ ವಕೀಲರ ಅರ್ಧ ಕೆಲಸ ಉಳಿಯುತ್ತದೆ.

ಯಾರನ್ನು ಹಿಡಿಯಬೇಕು

ರಿಜಿಸ್ಟ್ರಿ ಮುಂದೆ ನಿಮ್ಮ ಪರ ನಿಲ್ಲಲು ಕಾಯ್ದೆ ಅವಕಾಶ ಕೊಡುವುದು ವಕೀಲರಿಗೆ, ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರಿಗೆ, ಇಲ್ಲವೇ ನಿಮ್ಮಲ್ಲೇ ಕಾಯಂ ಕೆಲಸ ಮಾಡುವ ನೌಕರನಿಗೆ. ಏಜೆಂಟರು ಪರೀಕ್ಷೆ ಪಾಸಾಗಿ ಬಂದವರು, ರಿಜಿಸ್ಟ್ರಿ ಕೆಲಸ ಚೆನ್ನಾಗಿ ಬಲ್ಲವರು ಇರುತ್ತಾರೆ. ಆದರೆ ಏಜೆಂಟ್ ಅನ್ನುವ ಕಾರಣಕ್ಕೆ ಕೋರ್ಟಿನಲ್ಲಿ ವಾದ ಮಾಡಲು ಆಗುವುದಿಲ್ಲ. ವಕೀಲರು ಎರಡೂ ಕಡೆ ನಿಲ್ಲಬಹುದು. ಆನ್‌ಲೈನ್ ಸೆಂಟರ್‌ನವರು ಈ ಮೂರರಲ್ಲಿ ಯಾವುದೂ ಅಲ್ಲ.

ಕರ್ನಾಟಕದ ಅರ್ಜಿಗಳು ಚೆನ್ನೈ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಗೆ ಹೋಗುತ್ತವೆ. ಅರ್ಜಿ ಆನ್‌ಲೈನ್, ಉತ್ತರ ಆನ್‌ಲೈನ್, ವಿಚಾರಣೆಯೂ ಈಗ ವಿಡಿಯೋ ಕಾನ್ಫರೆನ್ಸ್‌ನಲ್ಲಿ. ಹಾಗಾಗಿ ವಕೀಲರು ಕಲಬುರಗಿಯವರೇ ಆಗಬೇಕು, ಚೆನ್ನೈಯವರೇ ಆಗಬೇಕು ಅಂತೇನಿಲ್ಲ. 2013ರಿಂದ ಹೈಕೋರ್ಟಿನ ಕಾಯಂ ಪೀಠ ಇಲ್ಲೇ ಇರುವುದರಿಂದ ಊರಿನಲ್ಲಿ ವಕೀಲರಿಗೆ ಬರವಿಲ್ಲ. ಆದರೆ ಜಮೀನು, ಸಿವಿಲ್, ಕ್ರಿಮಿನಲ್ ಕೇಸು ನೋಡುವವರೇ ಹೆಚ್ಚು. ನಿಮ್ಮ ಹೊಲದ ಕೇಸು ಗೆದ್ದುಕೊಟ್ಟ ವಕೀಲ ಸಾಹೇಬ್ರು ಎಷ್ಟೇ ಒಳ್ಳೆಯವರಾದರೂ ಟ್ರೇಡ್‌ಮಾರ್ಕ್ ಕೆಲಸ ದಿನಾ ಮಾಡುವವರೇ ಅಂತ ಕೇಳಿಕೊಳ್ಳಿ. ನನ್ನ ಸಲಹೆ ಇಷ್ಟೇ: ನೋಂದಣಿ ಕೆಲಸಕ್ಕೆ ಇದನ್ನೇ ಮಾಡುವವರು ಎಲ್ಲಿದ್ದರೂ ಸರಿ, ಕೋರ್ಟ್ ಕೇಸಿನ ಮಾತು ಬಂದಾಗ ಊರಿನ ವಕೀಲರೊಬ್ಬರು ಜೊತೆಗಿರಲಿ.

ಹುಡುಕುವುದು ಹೇಗೆ? ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ಮೊಬೈಲ್‌ನಲ್ಲಿ ಮೊದಲು ಕಾಣುವ "999 ರೂಪಾಯಿಗೆ ಟ್ರೇಡ್‌ಮಾರ್ಕ್" ಥರದ ಜಾಹೀರಾತು ಸಾಮಾನ್ಯವಾಗಿ ಕಂಪನಿಗಳದ್ದು. ಅದಕ್ಕಿಂತ ಗಟ್ಟಿ ದಾರಿ ಇದೆ. ನಿಮಗೆ ಗೊತ್ತಿರುವ ನಾಲ್ಕು ವ್ಯಾಪಾರಿಗಳ ನೋಂದಾಯಿತ ಮಾರ್ಕಾಗಳನ್ನು ಐಪಿ ಇಂಡಿಯಾ ತಾಣದಲ್ಲಿ ತೆಗೆದು ನೋಡಿ. ಅರ್ಜಿಯ ಪುಟದಲ್ಲೇ ವಕೀಲರ ಅಥವಾ ಏಜೆಂಟರ ಹೆಸರು ಇರುತ್ತದೆ. ಕಲಬುರಗಿಯ ಚೇಂಬರ್ ಆಫ್ ಕಾಮರ್ಸ್‌ನಲ್ಲಿ ವಿಚಾರಿಸಿದರೂ ಒಂದೆರಡು ಹೆಸರು ಸಿಗುತ್ತವೆ.

ಮೊದಲ ಭೇಟಿಯಲ್ಲಿ ಏನು ಕೇಳಬೇಕು

"ಆಕ್ಷೇಪ ಬಂದು, ನೀವು ಉತ್ತರ ಕೊಟ್ಟು, ನೋಂದಣಿಯಾದ ಒಂದು ಅರ್ಜಿ ನಂಬರ್ ಹೇಳಿ ಸರ್" ಅಂತ ಕೇಳಿ. ಇದರಲ್ಲಿ ಗುಟ್ಟೇನಿಲ್ಲ, ದಾಖಲೆ ಸಾರ್ವಜನಿಕ. ಆ ನಂಬರ್ ಹಾಕಿದರೆ ರಿಜಿಸ್ಟ್ರಿಯ ಆಕ್ಷೇಪಗಳಿರುವ ಪರೀಕ್ಷಾ ವರದಿ, ಅದಕ್ಕೆ ಕೊಟ್ಟ ಉತ್ತರ ಎಲ್ಲ ತೆರೆದುಕೊಳ್ಳುತ್ತದೆ. ಓದಿ ನೋಡಿ, ಇಂಗ್ಲಿಷ್ ಗೊತ್ತಿರುವ ಮಗಳಿಗೋ ಅಳಿಯನಿಗೋ ಓದಲು ಹೇಳಿ. ಆ ವ್ಯಾಪಾರಿಯ ಮಾಲು, ಬಳಕೆಯ ವರ್ಷ, ಹೋಲುತ್ತವೆ ಅಂತ ರಿಜಿಸ್ಟ್ರಿ ತೋರಿಸಿದ ಮಾರ್ಕಾಗಳಿಗೂ ಇದಕ್ಕೂ ಇರುವ ವ್ಯತ್ಯಾಸ, ಇವೆಲ್ಲ ಇದ್ದರೆ ಕೆಲಸ ಗೊತ್ತಿರುವವರು. ಯಾರಿಗೆ ಬೇಕಾದರೂ ಹೊಂದುವಂಥ ಸಿದ್ಧ ಸಾಲುಗಳಷ್ಟೇ ಇದ್ದರೆ ನಿಮ್ಮದಕ್ಕೂ ಅದೇ ಬರುತ್ತದೆ. ವಕೀಲರನ್ನು ತೂಗಲು ಇಷ್ಟು ಸುಲಭದ ದಾರಿ ಇದ್ದರೂ ಬಹಳ ಜನ ಬಳಸುವುದೇ ಇಲ್ಲ.

ಇನ್ನೊಂದು ಪ್ರಶ್ನೆ ಕ್ಲಾಸ್ ಬಗ್ಗೆ. ಸರಕು ಸೇವೆಗಳನ್ನೆಲ್ಲ 45 ಕ್ಲಾಸ್‌ಗಳಾಗಿ ಹಂಚಿದ್ದಾರೆ. ರೊಟ್ಟಿ, ಹಿಟ್ಟು, ಮಸಾಲೆ 30ರಲ್ಲಿ. ಅಡುಗೆ ಎಣ್ಣೆ, ತುಪ್ಪ 29ರಲ್ಲಿ. ಹೋಟೆಲ್, ಖಾನಾವಳಿ 43ರಲ್ಲಿ. ಬೇಳೆಯ ವಿಷಯ ಸ್ವಲ್ಪ ಸಿಕ್ಕು: ಸಂಸ್ಕರಿಸಿದ್ದೋ, ಹಸಿ ಕಾಳೋ, ಹಿಟ್ಟು ಮಾಡಿದ್ದೋ ಅನ್ನುವುದರ ಮೇಲೆ 29, 30, 31 ಮೂರೂ ಚರ್ಚೆಗೆ ಬರುತ್ತವೆ. ನಿಮ್ಮ ಮಿಲ್ಲಿನಲ್ಲಿ ಏನೇನು ತಯಾರಾಗುತ್ತದೆ ಅಂತ ಕೇಳದೆ ಕ್ಲಾಸ್ ನಂಬರ್ ಹೇಳುವ ವಕೀಲರು ಅವಸರದಲ್ಲಿದ್ದಾರೆ ಅಂತಲೇ ಅರ್ಥ. ಎಲ್ಲ ಕ್ಲಾಸಿಗೂ ಹಾಕಿಬಿಡಿ ಅನ್ನುವವರ ಮಾತಿಗೂ ತಲೆ ಆಡಿಸಬೇಡಿ. ಪ್ರತಿ ಕ್ಲಾಸಿಗೂ ಬೇರೆ ಫೀಸು. ಮೇಲಾಗಿ ನೋಂದಣಿಯಾಗಿ 5 ವರ್ಷ 3 ತಿಂಗಳು ಬಳಸದೇ ಬಿಟ್ಟ ಮಾರ್ಕಾವನ್ನು ತೆಗೆದುಹಾಕಿ ಅಂತ ಬೇರೆಯವರು ಅರ್ಜಿ ಹಾಕಬಹುದು.

ಫೀಸಿನ ಮಾತು

ಸರ್ಕಾರಿ ಫೀಸು ಯಾರ ಮೂಲಕ ಹಾಕಿದರೂ ಒಂದೇ. ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ. ಇದು ಒಬ್ಬ ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ. ಉಳಿದವರಿಗೆ 9,000. ಫರ್ಮ್ ಅಥವಾ ಕಂಪನಿ ಹೆಸರಲ್ಲಿ ಹಾಕುವವರು ಉದ್ಯಮ್ ಪ್ರಮಾಣಪತ್ರ ಕೊಟ್ಟರೆ ಅರ್ಧ ಉಳಿಯುತ್ತದೆ. ಅದನ್ನು ವಕೀಲರು ಕೇಳಲಿಲ್ಲ ಅಂದರೆ ನೀವೇ ಮುಂದಿಡಿ. 999 ರೂಪಾಯಿ ಅಂತ ಕಂಡರೆ ಅದು ಸರ್ಕಾರಿ ಫೀಸು ಬಿಟ್ಟು ಅಂತ ತಿಳಿಯಿರಿ.

ವಕೀಲರ ಫೀಸು ಬೇರೆ, ಅದರಲ್ಲಿ ಏನೇನು ಸೇರಿದೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಹುಡುಕಾಟದ ವರದಿ, ಅರ್ಜಿ, ಪರೀಕ್ಷಾ ವರದಿಗೆ ಉತ್ತರ, ವಿಚಾರಣೆಗೆ ಹಾಜರಿ, ಇವು ಒಂದೇ ಮೊತ್ತದಲ್ಲೋ ಬೇರೆ ಬೇರೆಯೋ? ಜಗಳ ಆಗುವುದೇ ಇಲ್ಲಿ. ಅರ್ಜಿಗೆ ಕಡಿಮೆ ಹೇಳಿ, ಉತ್ತರದ ಹೊತ್ತಿಗೆ ಮೂರು ಪಟ್ಟು ಕೇಳುವವರು ಇದ್ದಾರೆ. ಆಗ ನಿಮ್ಮ ಹತ್ತಿರ 30 ದಿನ ಮಾತ್ರ ಇರುತ್ತದೆ, ಚೌಕಾಸಿಗೆ ಸಮಯ ಇರುವುದಿಲ್ಲ. ವಿರೋಧ ಬಂದರೆ ಅದು ಪ್ರತ್ಯೇಕ ಲೆಕ್ಕ, ಅದು ನ್ಯಾಯವೇ. "ಗೆದ್ದರೆ ಪರಿಹಾರದಲ್ಲಿ ಇಷ್ಟು ಪಾಲು ಕೊಡಿ" ಅನ್ನುವ ವಕೀಲರಿಂದ ದೂರ ಇರಿ. ಹಾಗೆ ಫೀಸು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ನೋಂದಣಿ ನೂರಕ್ಕೆ ನೂರು ಆಗುತ್ತದೆ ಅಂತ ಮಾತು ಕೊಡುವವರನ್ನೂ ನಂಬಬೇಡಿ, ತೀರ್ಮಾನ ಅವರ ಕೈಯಲ್ಲಿಲ್ಲ.

ಸಹಿ ಹಾಕುವಾಗ

ಕೋರ್ಟಿಗೆ ವಕಾಲತ್ತು ಇದ್ದ ಹಾಗೆ ರಿಜಿಸ್ಟ್ರಿಗೆ ಟಿಎಂ-48 ಅನ್ನುವ ಅಧಿಕಾರಪತ್ರ. ಖಾಲಿ ಕಾಗದಕ್ಕೆ ಸಹಿ ಬೇಡ. ಅರ್ಜಿ ಸಲ್ಲಿಸುವ ಮುಂಚೆ ಕರಡು ಕೇಳಿ ಓದಿ, ಯಾಕೆಂದರೆ ಕೆಲವು ತಪ್ಪುಗಳನ್ನು ಆಮೇಲೆ ತಿದ್ದಲು ಆಗುವುದಿಲ್ಲ. ಮಾರ್ಕಾ ಬದಲಿಸುವುದು, ಮಾಲೀಕನನ್ನೇ ಬೇರೆ ಮಾಡುವುದು, ಸರಕಿನ ಪಟ್ಟಿಗೆ ಹೊಸದು ಸೇರಿಸುವುದು, ಬಳಕೆಯ ತಾರೀಕು ಬದಲಿಸುವುದು, ಇವಕ್ಕೆ 2017ರ ನಿಯಮಗಳಲ್ಲಿ ಅವಕಾಶವಿಲ್ಲ. ಹೊಸ ಅರ್ಜಿಯನ್ನೇ ಹಾಕಬೇಕಾಗುತ್ತದೆ.

ಬಳಕೆಯ ತಾರೀಕು ಇವುಗಳಲ್ಲಿ ಬಹಳ ಮುಖ್ಯ. ಹತ್ತು ವರ್ಷದಿಂದ ಬಳಸುತ್ತಿದ್ದರೂ "ಮುಂದೆ ಬಳಸುವ ಉದ್ದೇಶ" ಅಂತ ತುಂಬಿಬಿಡುವವರಿದ್ದಾರೆ, ಹಾಗಾದರೆ ಹಿಂದಿನ ಬಳಕೆಯ ಬಗ್ಗೆ ಅಫಿಡವಿಟ್ ಕೊಡುವ ಕೆಲಸ ತಪ್ಪುತ್ತದಲ್ಲ! ಹಾಗೆ ಮಾಡಿದರೆ ನಿಮ್ಮ ಹಿರಿತನವನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಉಲ್ಟಾ, ಅಜ್ಜನ ಕಾಲದಿಂದ ಅಂತ ಸುಳ್ಳು ತಾರೀಕು ಹಾಕಿಸುವುದೂ ಬೇಡ. ಬಿಲ್ಲು ಎಲ್ಲಿಂದ ಇದೆಯೋ ಅಲ್ಲಿಂದ ಹಾಕಿ.

ಕನ್ನಡ ಅಕ್ಷರದ ಮಾರ್ಕಾ ಆದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. "ಕೂರಿಗೆ" ಅಂದರೆ ಬಿತ್ತುವ ಸಾಧನ ಅಂತ ಹೈದರಾಬಾದಿನ ವಕೀಲರಿಗೆ ಗೊತ್ತಿರಬೇಕೆಂದಿಲ್ಲ, ನೀವೇ ಬರೆದುಕೊಡಿ. ಹೆಸರನ್ನು ಬರೀ ಅಕ್ಷರವಾಗಿ ನೋಂದಾಯಿಸುವುದೋ ಚಿತ್ರದ ಲೇಬಲ್ ಆಗಿಯೋ ಅನ್ನುವುದನ್ನೂ ಚರ್ಚಿಸಿ. ಬರೀ ಹೆಸರಿನ ನೋಂದಣಿ ಸಿಕ್ಕರೆ ಚೀಲದ ವಿನ್ಯಾಸ ಬದಲಾದರೂ ರಕ್ಷಣೆ ಇರುತ್ತದೆ. ಲೇಬಲ್ ಹಾಕುವುದಾದರೆ, ಬಣ್ಣದ ಮಿತಿ ಹಾಕದೆ ನೋಂದಾಯಿಸಿದ ಮಾರ್ಕಾ ಎಲ್ಲ ಬಣ್ಣಕ್ಕೂ ಅನ್ವಯಿಸುತ್ತದೆ.

ಕೊನೆಗೆ ಒಂದು ಸಣ್ಣ ವಿಷಯ, ಆದರೆ ಇದರಲ್ಲೇ ಬಹಳ ಅರ್ಜಿ ಕೆಡುತ್ತವೆ. ಅರ್ಜಿಯಲ್ಲಿ ನಿಮ್ಮ ಸ್ವಂತ ಮೊಬೈಲ್ ನಂಬರ್, ಇಮೇಲ್ ಇದೆಯೇ ನೋಡಿ. ಏಜೆಂಟರದ್ದಷ್ಟೇ ಇದ್ದರೆ ನೋಟಿಸ್ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ಅರ್ಜಿ ನಂಬರ್ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ತಾಣದಲ್ಲಿ ನೀವೇ ಸ್ಥಿತಿ ನೋಡಿ. ಅರ್ಜಿ ಹಾಕಿದ ಮೇಲೆ ಮಾರ್ಕಾದ ಪಕ್ಕ ಟಿಎಂ ಅಂತ ಹಾಕಬಹುದು. ವೃತ್ತದೊಳಗಿನ ಆರ್ ಮಾತ್ರ ನೋಂದಣಿಯಾದ ಮೇಲೆಯೇ. ಮೊದಲೇ ಹಾಕಿದರೆ ಕಾನೂನಿನ ಪ್ರಕಾರ ತಪ್ಪು.

ನೋಟಿಸ್ ಬಂದಾಗ

ಪರೀಕ್ಷಾ ವರದಿ ಕೈಗೆ ಬಂದ 30 ದಿನದೊಳಗೆ ಉತ್ತರ ಹೋಗಬೇಕು. ಇಲ್ಲವಾದರೆ ಅರ್ಜಿ ಕೈಬಿಟ್ಟಂತೆ ಆಗಬಹುದು. ಉತ್ತರ ಒಪ್ಪಿಗೆಯಾದರೆ, ಅಥವಾ ವಿಚಾರಣೆಯಲ್ಲಿ ಗೆದ್ದರೆ, ಮಾರ್ಕಾ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧದ ಪ್ರತಿ ನಿಮಗೆ ತಲುಪಿದ 2 ತಿಂಗಳೊಳಗೆ ಪ್ರತಿಹೇಳಿಕೆ ಕೊಡಲೇಬೇಕು. ಈ ಗಡುವಿನಲ್ಲಿ ರಿಯಾಯಿತಿ ಇಲ್ಲ, ದಾಟಿದರೆ ಅರ್ಜಿ ಹೋಯಿತು.

ವಿರೋಧಿಸುವವರು ದೊಡ್ಡವರಾದರೆ ಹೆದರಿ ಕೈಬಿಡುವವರು ಬಹಳ. ನಂದಿನಿ ಹಾಲಿನ ಕೆಎಂಎಫ್ ಮತ್ತು ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನ ಕೇಸು ನೆನಪಿಟ್ಟುಕೊಳ್ಳಿ. ಕೆಎಂಎಫ್ 1985ರಿಂದ, ಹೋಟೆಲಿನವರು 1989ರಿಂದ ಹೆಸರು ಬಳಸುತ್ತಿದ್ದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2018ರಲ್ಲಿ ಹೋಟೆಲಿನವರ ಪರ ತೀರ್ಪು ಬಂತು. ಹಾಲು, ಹಾಲಿನ ಪದಾರ್ಥಗಳನ್ನು ಮಾತ್ರ ಅವರು ಪಟ್ಟಿಯಿಂದ ಬಿಟ್ಟುಕೊಟ್ಟರು. ಮಾಲು ಬೇರೆ, ಲೋಗೋ ಬೇರೆ ಅನ್ನುವುದು ಅಲ್ಲಿ ತೂಕಕ್ಕೆ ಬಂತು. ಹೀಗೆ ಪಟ್ಟಿಯಿಂದ ಒಂದೆರಡು ಸರಕು ಬಿಟ್ಟು ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಒಳ್ಳೆ ವಕೀಲರು ಅದನ್ನೂ ನಿಮ್ಮ ಮುಂದಿಡುತ್ತಾರೆ. ನೀವೂ ಬೇರೆಯವರ ಅರ್ಜಿಯನ್ನು ವಿರೋಧಿಸಬಹುದು. ಜರ್ನಲ್ ಪ್ರತಿ ಸೋಮವಾರ ಬರುತ್ತದೆ, ಅದನ್ನು ಗಮನಿಸುವ ಕೆಲಸ ಫೀಸಿನಲ್ಲಿ ಸೇರಿದೆಯೇ ಕೇಳಿಕೊಳ್ಳಿ.

ಯಾರಾದರೂ ನಕಲು ಮಾಡಿದರೆ

ಅಂಗಡಿಗೆ ನುಗ್ಗಿ ಜಗಳ ಬೇಡ. ಆ ಚೀಲವನ್ನು ಬಿಲ್ಲು ಸಮೇತ ಕೊಂಡು ತನ್ನಿ. ಬಿಲ್ಲು ಕೊಡದಿದ್ದರೆ ಯುಪಿಐ ಪಾವತಿಯ ದಾಖಲೆ, ಫೋಟೋ ಇಟ್ಟುಕೊಳ್ಳಿ. ಆಮೇಲೆ ವಕೀಲರಿಂದ ನೋಟಿಸ್. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆದರೆ ನಿಮ್ಮದೇ ನೋಂದಣಿಯಾಗಿಲ್ಲ ಅಂದರೆ ನೋಟಿಸ್‌ನ ಭಾಷೆ ಹುಷಾರು. ಆಧಾರವಿಲ್ಲದ ಬೆದರಿಕೆ ಅಂತ ಅವರೇ ನಿಮ್ಮ ಮೇಲೆ ಕೇಸು ಹಾಕಬಹುದು.

ಕೋರ್ಟಿಗೆ ಹೋಗಬೇಕಾದರೆ ನೋಂದಣಿಯ ದೊಡ್ಡ ಲಾಭ ಗೊತ್ತಾಗುತ್ತದೆ. ನಕಲು ಮಾಡಿದವನು ಲಾತೂರಿನಲ್ಲಿದ್ದರೂ, ನೋಂದಾಯಿತ ಮಾರ್ಕಾದ ಮಾಲೀಕರು ತಾವು ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹಾಕಲು ಕಾಯ್ದೆ ಅವಕಾಶ ಕೊಡುತ್ತದೆ. ಇದಕ್ಕೆ ಕೆಲವು ಮಿತಿಗಳಿವೆ, ವಕೀಲರು ಹೇಳುತ್ತಾರೆ. ನೋಂದಣಿ ಇಲ್ಲದ ಮಾರ್ಕಾಗೆ ಈ ಅನುಕೂಲ ಇಲ್ಲ. ಪೊಲೀಸ್ ದೂರಿಗೂ ದಾರಿ ಇದೆ. ಆದರೆ ದಾಳಿ ಮಾಡಿ ಜಪ್ತಿ ಮಾಡುವುದು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ. ಅದಕ್ಕೂ ಮೊದಲು ಅವರು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಠಾಣೆಗೆ ಹೋದ ದಿನವೇ ಗೋದಾಮಿಗೆ ಬೀಗ ಬೀಳುತ್ತದೆ ಅಂದುಕೊಳ್ಳಬೇಡಿ. ನೋಡಿಯೂ ಸುಮ್ಮನೆ ಕೂರುವುದೂ ಒಳ್ಳೆಯದಲ್ಲ. ಇನ್ನೊಬ್ಬರು ಪ್ರಾಮಾಣಿಕವಾಗಿ ನೋಂದಾಯಿಸಿಕೊಂಡ ಮಾರ್ಕಾ ಬಳಸುವುದನ್ನು ಗೊತ್ತಿದ್ದೂ 5 ವರ್ಷ ಬಿಟ್ಟರೆ, ಆಮೇಲೆ ತಡೆಯುವ ಹಕ್ಕು ಹೋಗಬಹುದು.

ವಕೀಲರು ಸರಿಬರಲಿಲ್ಲ ಅಂದರೆ

ಬದಲಿಸಬಹುದು. ಹೊಸಬರಿಗೆ ಹೊಸ ಅಧಿಕಾರಪತ್ರ ಕೊಟ್ಟು ರಿಜಿಸ್ಟ್ರಿಗೆ ತಿಳಿಸಿದರೆ ಆಯಿತು. ಬಾಕಿ ಫೀಸಿದೆ, ಫೈಲ್ ಕೊಡಲ್ಲ ಅಂತ ಹಳಬರು ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಫೀಸಿನ ಜಗಳ ಬೇರೆ, ಕಾಗದ ಬೇರೆ. ಆದರೂ ಮೂಲ ಬಿಲ್ಲುಗಳನ್ನು ಯಾವತ್ತೂ ಕೈಬಿಡಬೇಡಿ, ಜೆರಾಕ್ಸ್ ಮಾತ್ರ ಕೊಡಿ.

ನೋಂದಣಿ 10 ವರ್ಷಕ್ಕೆ. ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಪ್ರಮಾಣಪತ್ರ ಬಂದ ದಿನದಿಂದಲ್ಲ. ನವೀಕರಣಕ್ಕೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸಿಗೆ 9,000 ರೂಪಾಯಿ, ಅವಧಿ ಮುಗಿಯುವ ಒಂದು ವರ್ಷ ಮುಂಚಿನಿಂದಲೇ ಕಟ್ಟಬಹುದು. ಮುಗಿದ ಮೇಲೂ 6 ತಿಂಗಳು ದಂಡ ಸೇರಿಸಿ ಕಟ್ಟಲು ಬರುತ್ತದೆ. ಅದೂ ದಾಟಿದರೆ, ಒಂದು ವರ್ಷ ತುಂಬುವುದರೊಳಗೆ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ಹತ್ತು ವರ್ಷದಲ್ಲಿ ವಕೀಲರ ಆಫೀಸೂ ಬದಲಾಗಿರಬಹುದು, ನಿಮ್ಮ ಇಮೇಲೂ ಬದಲಾಗಿರಬಹುದು. ಹಾಗಾದಾಗ ವಿಳಾಸ ತಿದ್ದಿಸಿ, ಕೊನೆಯ ತಾರೀಕನ್ನು ಮಿಲ್ಲಿನ ಲೆಕ್ಕ ನೋಡುವವರಿಗೂ ಬರೆದುಕೊಡಿ.